ಎಳೆಯುವುದು ಬೇರೆ, ನಿಲ್ಲುವುದು ಬೇರೆ

ಡಿಸೆಂಬರ್ ಬಂತೆಂದರೆ ದಿಲ್ಲಿಯ ಕನ್ನಡಿಗರ ಮನೆಗಳಲ್ಲಿ ಎರಡು ಊರುಗಳ ಹವೆಯ ಮಾತು ನಡೆಯುತ್ತದೆ. ಒಂದು, ಕಿಟಕಿಯಾಚೆ ಕವಿದಿರುವ ದಿಲ್ಲಿಯ ಮಂಜು. ಇನ್ನೊಂದು, ಮಗನೋ ಮಗಳೋ ತಂಗಿಯ ಮಗನೋ ಇರುವ ಟೊರಾಂಟೊ, ಕ್ಯಾಲ್ಗರಿ, ಮಿನಿಯಾಪೊಲಿಸ್ ಅಥವಾ ಬಫಲೋ ನಗರದ ಹಿಮ. ಹುಬ್ಬಳ್ಳಿ, ಮೈಸೂರು, ಉಡುಪಿಗಳನ್ನು ಬಿಟ್ಟು ನಮ್ಮ ಹಿರಿಯರು ಈ ಊರಿಗೆ ಬಂದಾಗ ಅವರ ತಾಯಂದಿರು ಚಿಂತಿಸಿದ್ದು ರಜಾಯಿ, ಸ್ವೆಟರುಗಳ ಬಗ್ಗೆ. ಇಂದಿನ ತಾಯಂದಿರು ಚಿಂತಿಸುವುದು ಕಾರಿನ ಬಗ್ಗೆ. ಆ ಊರುಗಳಲ್ಲಿ ಬಹಳ ಕಡೆ ಕಾರಿಲ್ಲದೆ ಕೆಲಸಕ್ಕೆ ಹೋಗಿಬರುವುದೇ ಕಷ್ಟ. ವರ್ಷದಲ್ಲಿ ನಾಲ್ಕೈದು ತಿಂಗಳು ಆ ಕಾರು ಓಡಬೇಕಾದದ್ದು ಹಿಮ ಬೀಳುವ ರಸ್ತೆಯ ಮೇಲೆ.

ಈ ಚಿಂತೆಗೆ ನಮ್ಮವರಲ್ಲಿ ಒಂದು ಸಿದ್ಧೌಷಧವಿದೆ. ಮಗ ಮೊದಲ ಕಾರು ಕೊಳ್ಳುವ ವಿಚಾರವೆತ್ತಿದ ಕೂಡಲೇ ಫೋನಿನಲ್ಲಿ ಅಪ್ಪ ಹೇಳುತ್ತಾರೆ: "ದುಡ್ಡಿನ ಮುಖ ನೋಡಬೇಡಪ್ಪ. ನಾಲ್ಕೂ ಚಕ್ರ ಎಳೆಯೋ ಕಾರನ್ನೇ ತೊಗೊ. ಇಲ್ಲಿ ನಮಗೆ ನೆಮ್ಮದಿಯಾಗಿ ನಿದ್ದೆ ಬರುತ್ತೆ." ಹಿಂದಿನಿಂದ ಅಮ್ಮನ ಅನುಮೋದನೆಯೂ ಸೇರುತ್ತದೆ. ಮಗ ಸಾಲ ಮಾಡಿ ಆಲ್-ವೀಲ್ ಡ್ರೈವ್ ಕಾರು ಕೊಳ್ಳುತ್ತಾನೆ. ಚಿತ್ರ ವಾಟ್ಸಾಪಿನಲ್ಲಿ ಬರುತ್ತದೆ. ಮನೆಯವರಿಗೆ ನಿದ್ದೆಯೂ ಬರುತ್ತದೆ.

ಈ ನಿದ್ದೆಗೆ ಆಧಾರವಿಲ್ಲ ಎಂದು ಹೇಳುವುದೇ ನಮ್ಮ ಈ ಲೇಖನದ ಉದ್ದೇಶ. ಆಲ್-ವೀಲ್ ಡ್ರೈವ್ ಕೆಟ್ಟ ಯಂತ್ರವೆಂದು ನಾವು ಹೇಳುತ್ತಿಲ್ಲ. ಅದು ಒಳ್ಳೆಯ ಯಂತ್ರವೇ. ಆದರೆ ತಂದೆತಾಯಿ ಕೇಳುವ ಪ್ರಶ್ನೆಗೆ ಅದು ಉತ್ತರವಲ್ಲ. ಅವರ ಪ್ರಶ್ನೆ, "ಮಗು ಸುರಕ್ಷಿತವಾಗಿ ಮನೆ ಸೇರುತ್ತದೆಯೇ?" ಎಂಬುದು. ಬೇರೆ ಮಾತಿನಲ್ಲಿ ಹೇಳಿದರೆ, ಬೇಕಾದಲ್ಲಿ ಕಾರು ನಿಲ್ಲುತ್ತದೆಯೇ, ತಿರುವಿನಲ್ಲಿ ತಿರುಗುತ್ತದೆಯೇ? ಆ ಯಂತ್ರ ಉತ್ತರ ಕೊಡುವುದು ಬೇರೊಂದು ಪ್ರಶ್ನೆಗೆ: ನಿಂತ ಕಾರು ಹೊರಡುತ್ತದೆಯೇ? ಎಳೆಯುವುದು ಬೇರೆ, ನಿಲ್ಲುವುದು ಬೇರೆ. ಘಟ್ಟ ಇಳಿಯುವ ಗಾಡಿಗೆ ಇನ್ನೊಂದು ಜೊತೆ ಎತ್ತು ಕಟ್ಟಿದರೆ ಗಾಡಿ ನಿಲ್ಲುತ್ತದೆಯೇ?

ಮೊದಲು ಒಂದು ಸರಳ ಸಂಗತಿಯನ್ನು ನೆನಪಿಟ್ಟುಕೊಳ್ಳೋಣ. ಎಂಜಿನ್ನಿನ ಬಲ ಎರಡು ಚಕ್ರಕ್ಕೆ ಹೋಗಲಿ, ನಾಲ್ಕಕ್ಕೆ ಹೋಗಲಿ, ಬ್ರೇಕು ಮಾತ್ರ ಎಲ್ಲ ಕಾರುಗಳಲ್ಲೂ ನಾಲ್ಕು ಚಕ್ರಕ್ಕೂ ಇರುತ್ತದೆ. ಹೀಗಾಗಿ ಬ್ರೇಕು ಒತ್ತಿದ ಗಳಿಗೆಯಲ್ಲಿ ದುಬಾರಿ ಕಾರೂ ಅಗ್ಗದ ಕಾರೂ ಒಂದೇ ಪಂಕ್ತಿಯಲ್ಲಿ ಕೂರುತ್ತವೆ. ಅಲ್ಲಿಂದ ಮುಂದೆ ತೀರ್ಪು ಕೊಡುವುದು ಟೈರು ಮತ್ತು ರಸ್ತೆಯ ನಡುವಿನ ಘರ್ಷಣೆ. ಒಂದೊಂದು ಟೈರೂ ನೆಲ ಮುಟ್ಟುವ ಜಾಗ ಹೆಚ್ಚುಕಡಿಮೆ ನಮ್ಮ ಅಂಗೈ ಅಗಲದ್ದು. ಸುಮಾರು ಒಂದೂವರೆ ಟನ್ ತೂಕದ ಕಾರು, ಒಳಗೆ ಕುಳಿತ ಮಕ್ಕಳು, ಅವರ ಭವಿಷ್ಯ ಎಲ್ಲವೂ ಆ ನಾಲ್ಕು ಅಂಗೈಗಳ ಮೇಲೆ ನಿಂತಿವೆ.

ಬಿ.ಎಸ್ಸಿ. ಮೊದಲ ವರ್ಷದ ಭೌತಶಾಸ್ತ್ರದಿಂದಲೇ ಲೆಕ್ಕ ಹಾಕಬಹುದು. ಬ್ರೇಕು ಹಾಕಿದ ಮೇಲೆ ಕಾರು ಓಡುವ ದೂರ ವೇಗದ ವರ್ಗಕ್ಕೆ ಅನುಗುಣವಾಗಿಯೂ ಘರ್ಷಣಾಂಕಕ್ಕೆ ವಿಲೋಮವಾಗಿಯೂ ಇರುತ್ತದೆ. ಒಣ ಡಾಂಬರಿನ ಮೇಲೆ ಘರ್ಷಣಾಂಕ ಸುಮಾರು 0.7. ವಾಹನಗಳು ತುಳಿದು ಗಟ್ಟಿಮಾಡಿದ ಹಿಮದ ಮೇಲೆ ಅದು 0.2ರಿಂದ 0.3ರ ಆಸುಪಾಸು. ನುಣುಪು ಮಂಜುಗಡ್ಡೆಯ ಮೇಲೆ 0.1, ಕೆಲವೊಮ್ಮೆ ಇನ್ನೂ ಕಡಿಮೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಒಣ ರಸ್ತೆಯಲ್ಲಿ ಸುಮಾರು 20 ಮೀಟರಿನಲ್ಲಿ ನಿಲ್ಲುತ್ತದೆ. ಘರ್ಷಣಾಂಕ 0.2 ಇರುವ ಹಿಮದಲ್ಲಿ ಅದಕ್ಕೆ 71 ಮೀಟರ್ ಬೇಕು. ಮಂಜುಗಡ್ಡೆಯ ಮೇಲೆ 142 ಮೀಟರ್. ಚಾಲಕನಿಗೆ ಅಪಾಯ ಕಂಡು ಕಾಲು ಬ್ರೇಕಿನ ಮೇಲೆ ಬೀಳುವಷ್ಟರಲ್ಲಿ ಓಡಿಬಿಡುವ ದೂರ ಬೇರೆ. ಒಂದು ಸೆಕೆಂಡು ತಡವಾದರೆ ಅದೇ 17 ಮೀಟರ್.

ಈ ಸೂತ್ರದಲ್ಲಿ ಎಷ್ಟು ಚಕ್ರ ಎಳೆಯುತ್ತವೆ ಎಂಬ ಅಂಶ ಎಲ್ಲಿಯೂ ಇಲ್ಲ. ಕಾರಿನ ತೂಕವೂ ಇಲ್ಲ, ಬೆಲೆಯೂ ಇಲ್ಲ. ಬದಲಿಸಲು ನಮ್ಮ ಕೈಯಲ್ಲಿರುವುದು ಎರಡೇ: ಒಂದು ವೇಗ, ಇನ್ನೊಂದು ಘರ್ಷಣೆ. ಟೈರು ಬದಲಿಸಿ ಘರ್ಷಣಾಂಕವನ್ನು 0.2ರಿಂದ 0.3ಕ್ಕೆ ಏರಿಸಿದೆವೆನ್ನಿ. ಅದೇ 71 ಮೀಟರ್ 47 ಮೀಟರಿಗೆ ಇಳಿಯುತ್ತದೆ. ಉಳಿದದ್ದು 24 ಮೀಟರ್, ಅಂದರೆ ನಮ್ಮ ದಿಲ್ಲಿಯ ಎರಡು ದೊಡ್ಡ ಬಸ್ಸುಗಳ ಉದ್ದ. ಎದುರಿಗೆ ಶಾಲೆಯ ವಾಹನ ನಿಂತಿದ್ದರೆ ಆ ಎರಡು ಬಸ್ಸಿನ ಉದ್ದಕ್ಕೆ ಬೆಲೆ ಕಟ್ಟುವವರು ಯಾರು?

ಮಲೆನಾಡಿನಿಂದ ಬಂದ ಓದುಗರಿಗೆ ಇದನ್ನು ಸೂತ್ರವಿಲ್ಲದೆಯೂ ಹೇಳಬಹುದು. ಆಷಾಢದ ಮಳೆಗೆ ಪಾಚಿಗಟ್ಟಿದ ಅಂಗಳದಲ್ಲಿ ಜಾರುವವನಿಗೆ ತೊಡೆಯ ಬಲ ಏನು ಮಾಡೀತು? ಅಲ್ಲಿ ಬೇಕಾದುದು ಪಾದಕ್ಕೆ ಹಿಡಿತ. ಅದಕ್ಕೇ ನಮ್ಮ ಹಿರಿಯರು ಅಂಗಳಕ್ಕೆ ಅಡಿಕೆ ದಬ್ಬೆ ಹಾಸಿ ಅದರ ಮೇಲೆ ನಡೆದರು. ಯಾರೂ ತೊಡೆ ಬೆಳೆಸಲು ಗರಡಿಮನೆಗೆ ಹೋಗಲಿಲ್ಲ. ಆಲ್-ವೀಲ್ ಡ್ರೈವ್ ಎಂಬುದು ತೊಡೆಯ ಬಲ. ಟೈರು ಪಾದದ ಹಿಡಿತ.

ಟೈರು ಟೈರಿನಲ್ಲಿ ಅಷ್ಟು ವ್ಯತ್ಯಾಸವಿದೆಯೇ ಎಂದು ಕೇಳಬಹುದು. ಇದೆ. ಬೇಸಿಗೆಯ ಟೈರಿನ ರಬ್ಬರು ಚಳಿಗೆ ಬಿರುಸಾಗುತ್ತದೆ. ಹವೆ 7 ಡಿಗ್ರಿಗಿಂತ ಕೆಳಗಿಳಿದರೆ ಅದರ ಹಿಡಿತ ಕುಗ್ಗತೊಡಗುತ್ತದೆ ಎಂಬುದು ಟೈರು ತಯಾರಕರೇ ಹೇಳುವ ಲೆಕ್ಕ. ವಿನ್ನಿಪೆಗ್‌ನಂಥ ಊರಿನಲ್ಲಿ ಜನವರಿಯ ರಾತ್ರಿ ಸೊನ್ನೆಯ ಕೆಳಗೆ 20 ಡಿಗ್ರಿ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ಚಳಿಗಾಲದ ಟೈರಿನ ರಬ್ಬರಿನ ಮಿಶ್ರಣವೇ ಬೇರೆ. ಆ ಚಳಿಯಲ್ಲೂ ಅದು ಮೆತ್ತಗಿದ್ದು ರಸ್ತೆಯ ಉಬ್ಬುತಗ್ಗುಗಳಿಗೆ ಒಗ್ಗಿಕೊಳ್ಳುತ್ತದೆ. ಅದರ ಮೈಮೇಲೆ ಬ್ಲೇಡಿನಿಂದ ಕೊಯ್ದಂತೆ ನೂರಾರು ಸಣ್ಣ ಸೀಳುಗಳಿರುತ್ತವೆ. ಆ ಸೀಳುಗಳ ಅಂಚು ಹಿಮವನ್ನು ಕಚ್ಚುತ್ತವೆ. ಪಟ್ಟೆಗಳ ನಡುವೆ ಹಿಮ ತುಂಬಿಕೊಂಡು, ಆ ಹಿಮ ರಸ್ತೆಯ ಹಿಮಕ್ಕೆ ಅಂಟುತ್ತದೆ. ಎರಡು ಮುಷ್ಟಿ ಹಿಮ ಸೇರಿಸಿ ಒತ್ತಿದರೆ ಉಂಡೆಯಾಗುವುದಿಲ್ಲವೇ? ಅದೇ ತತ್ತ್ವ.

ಇಲ್ಲಿ ಹೆಸರಿನ ಮೋಸವೂ ಒಂದಿದೆ. ಅಲ್ಲಿಯ ಹೆಚ್ಚಿನ ಕಾರುಗಳು ಅಂಗಡಿಯಿಂದ ಬರುವುದು ಆಲ್-ಸೀಸನ್ ಎಂಬ ಟೈರಿನೊಡನೆ. ಎಲ್ಲ ಋತುಗಳಿಗೂ ಸಲ್ಲುವುದು ಎಂಬ ಅರ್ಥ ಬರುವ ಈ ಹೆಸರನ್ನು ನಂಬಿ ನಮ್ಮ ಹುಡುಗರು ಮೋಸಹೋಗುತ್ತಾರೆ. ಆ ಟೈರಿನ ಮೇಲೆ ಎಂ ಪ್ಲಸ್ ಎಸ್, ಅಂದರೆ ಕೆಸರು ಮತ್ತು ಹಿಮ ಎಂಬ ಗುರುತಿರುತ್ತದೆ. ಅದು ಪಟ್ಟೆಗಳ ವಿನ್ಯಾಸವನ್ನು ನೋಡಿ ತಯಾರಕರೇ ಹಾಕಿಕೊಳ್ಳುವ ಗುರುತು. ಹಿಮದ ಮೇಲೆ ಓಡಿಸಿ ಪರೀಕ್ಷಿಸಬೇಕೆಂದಿಲ್ಲ. ನೋಡಬೇಕಾದ ಗುರುತು ಬೇರೆ: ಮೂರು ಶಿಖರಗಳ ಬೆಟ್ಟ, ಅದರೊಳಗೆ ಹಿಮದ ಹರಳು. ಹಿಮದ ಮೇಲೆ ನಿಗದಿತ ಪರೀಕ್ಷೆಯಲ್ಲಿ ತೇರ್ಗಡೆಯಾದ ಟೈರಿಗೆ ಮಾತ್ರ ಈ ಗುರುತು ಸಿಗುತ್ತದೆ. ಜರ್ಮನಿಯಲ್ಲಿ 2024ರ ಅಕ್ಟೋಬರ್‌ನಿಂದ ಬರಿಯ ಎಂ ಪ್ಲಸ್ ಎಸ್ ಟೈರನ್ನು ಚಳಿಗಾಲದ ಟೈರೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೆಟ್ಟದ ಗುರುತೇ ಬೇಕು.

ಕೆನಡಾದ ಕ್ವಿಬೆಕ್ ಪ್ರಾಂತ್ಯವನ್ನು ನೋಡಿ. ಅಲ್ಲಿ 2008ರಿಂದ ಚಳಿಗಾಲದ ಟೈರು ಕಡ್ಡಾಯ. ಈಗ ಅದರ ಅವಧಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ. "ನಿನ್ನ ಕಾರಿನಲ್ಲಿ ಎಷ್ಟು ಚಕ್ರ ಎಳೆಯುತ್ತವೆ?" ಎಂದು ಆ ಕಾನೂನು ಕೇಳುವುದಿಲ್ಲ. ನಾಲ್ಕೂ ಎಳೆಯುವ ಕಾರಿಗೂ ವಿನಾಯಿತಿ ಇಲ್ಲ. ಪಕ್ಕದ ಒಂಟಾರಿಯೊದಲ್ಲಿ ಟೈರು ಕಡ್ಡಾಯವಲ್ಲ. ಆದರೆ ಚಳಿಗಾಲದ ಟೈರು ಹಾಕಿಸಿದವರಿಗೆ ವಿಮೆಯಲ್ಲಿ ರಿಯಾಯಿತಿ ಕೊಡಲೇಬೇಕೆಂಬ ನಿಯಮ 2016ರ ಜನವರಿಯಿಂದ ಇದೆ. ಆಲ್-ವೀಲ್ ಡ್ರೈವಿಗೆ ಅಂಥ ನಿಯಮ ಮಾಡಲಿಲ್ಲ. ಹಿಮದೊಡನೆ ತಲೆತಲಾಂತರದಿಂದ ಬಾಳಿದವರ ತೀರ್ಮಾನ ಇದು. ಹಿಮವನ್ನು ಸಿನಿಮಾದಲ್ಲೂ ಮನಾಲಿಯ ಪ್ರವಾಸದಲ್ಲೂ ಮಾತ್ರ ಕಂಡ ನಾವು ಇಲ್ಲಿ ಕುಳಿತು ಬೇರೆ ತೀರ್ಮಾನ ಕೊಡುವುದು ಸರಿಯೇ?

ಇನ್ನು ಆ ಯಂತ್ರದ ವಿಚಾರ. ನಮ್ಮಲ್ಲಿ ಎಲ್ಲವನ್ನೂ ಸೇರಿಸಿ "ಫೋರ್ ಬೈ ಫೋರ್" ಎಂದುಬಿಡುತ್ತೇವೆ. ನಿಜಕ್ಕೂ ಅವು ಬೇರೆ ಬೇರೆ ಜಾತಿ. ನಾವು ಇಲ್ಲಿ ಕಾಣುವ ಥಾರ್, ಜಿಮ್ನಿಗಳಲ್ಲಿ ಚಾಲಕನೇ ಸನ್ನೆ ಎಳೆದು ನಾಲ್ಕು ಚಕ್ರಕ್ಕೂ ಬಲ ಕೊಡಬೇಕು. ಕಡಿದಾದ ಏರಿಗೆಂದು ಕೆಳಗೇರೂ ಇರುತ್ತದೆ. ಒಣ ಡಾಂಬರಿನ ಮೇಲೆ ಹಾಗೆ ಓಡಿಸಬಾರದು, ಗೇರುಗಳು ಬಿಗಿದುಕೊಳ್ಳುತ್ತವೆ. ಎರಡನೆಯದು, ಸದಾಕಾಲ ನಾಲ್ಕೂ ಚಕ್ರ ಎಳೆಯುವ ಕಾರು. ಮೂರನೆಯದೇ ಇಂದು ಎಲ್ಲೆಲ್ಲೂ ಹೆಚ್ಚು ಮಾರಾಟವಾಗುವುದು: ಸಾಧಾರಣವಾಗಿ ಮುಂದಿನ ಎರಡು ಚಕ್ರವೇ ಹೆಚ್ಚಾಗಿ ಎಳೆಯುತ್ತಿದ್ದು, ಅವು ಜಾರತೊಡಗಿದಾಗ ಅಥವಾ ಜಾರಬಹುದೆಂದು ಯಂತ್ರಕ್ಕೆ ತೋರಿದಾಗ ವಿದ್ಯುತ್ ಕ್ಲಚ್ಚೋ ಹಿಂದಿನ ಮೋಟಾರೋ ಹಿಂದಿನ ಚಕ್ರಗಳನ್ನು ಕೂಡಿಸುವ ವ್ಯವಸ್ಥೆ. ಎರಡು ಮೋಟಾರಿನ ವಿದ್ಯುತ್ ಕಾರುಗಳೂ ನಾಲ್ಕು ಚಕ್ರ ಎಳೆಯುವವೇ. ಜಾತಿ ಯಾವುದಾದರೂ ಗುಣ ಒಂದೇ: ಎಳೆತ ಕೊಡುತ್ತದೆ, ಹಿಡಿತ ಕೊಡುವುದಿಲ್ಲ.

ಇದರ ಹುಟ್ಟಿನ ಕಥೆಯೂ ಅದನ್ನೇ ಹೇಳುತ್ತದೆ. ಜಪಾನಿನ ಈಶಾನ್ಯ ಭಾಗದ ವಿದ್ಯುತ್ ಕಂಪನಿಯೊಂದಕ್ಕೆ ಚಳಿಗಾಲದಲ್ಲಿ ಬೆಟ್ಟದ ಮೇಲಿನ ತಂತಿಗಳನ್ನು ನೋಡಿಕೊಳ್ಳುವ ನೌಕರರಿಗಾಗಿ ಜೀಪಿಗಿಂತ ಸುಖಕರವಾದ ವಾಹನ ಬೇಕಾಗಿತ್ತು. ಆ ಬೇಡಿಕೆಯಿಂದ ಬೆಳೆದು ಬಂದದ್ದು 1972ರ ಸುಬಾರು ಲಿಯೋನೆ ವ್ಯಾಗನ್. 1980ರಲ್ಲಿ ಆಡಿ ಕಂಪನಿ ಜಿನೀವಾ ಪ್ರದರ್ಶನದಲ್ಲಿ ಕ್ವಾಟ್ರೊ ಕಾರನ್ನು ತೋರಿಸಿತು. ಅದು ಓಟದ ಪಂದ್ಯಗಳಲ್ಲಿ ಹೆಸರು ಮಾಡಿತು. ಒಂದು, ಯಾರೂ ಹಿಮ ಗುಡಿಸದ ಬೆಟ್ಟವನ್ನು ಹತ್ತಲೇಬೇಕಾದ ತಂತಿ ಕೆಲಸದವನಿಗೆ; ಇನ್ನೊಂದು, ಪಂದ್ಯ ಗೆಲ್ಲಬೇಕಾದ ಚಾಲಕನಿಗೆ. ಬೆಳಗಿನ ಜಾವದಲ್ಲೇ ಸಲಿಕೆ ಲಾರಿ ಬಂದು ಹಿಮ ತಳ್ಳಿ ಉಪ್ಪು ಎರಚಿಹೋದ ಹೆದ್ದಾರಿಯಲ್ಲಿ ಕಚೇರಿಗೆ ಹೋಗುವ ನಮ್ಮ ಹುಡುಗ ಈ ಇಬ್ಬರಲ್ಲಿ ಯಾರು?

ಅವನ ಸಾಧಾರಣ ಮುಂಚಕ್ರದ ಕಾರನ್ನೂ ಹಗುರಾಗಿ ಕಾಣಬೇಕಾಗಿಲ್ಲ. ಅದರಲ್ಲಿ ಎಂಜಿನ್ನಿನ ಭಾರ ಎಳೆಯುವ ಚಕ್ರಗಳ ಮೇಲೆಯೇ ಕುಳಿತಿರುವುದರಿಂದ ಹೊರಡುವಾಗಲೂ ಸಾಕಷ್ಟು ಎಳೆತ ಸಿಗುತ್ತದೆ. ಕಾರು ಪಕ್ಕಕ್ಕೆ ಜಾರತೊಡಗಿದರೆ ಒಂದೊಂದು ಚಕ್ರದ ಬ್ರೇಕನ್ನು ತಾನೇ ಹಿಡಿದು ನೇರ ಮಾಡುವ ವಿದ್ಯುನ್ಮಾನ ವ್ಯವಸ್ಥೆ ಅಮೆರಿಕದಲ್ಲಿ 2012ರ ಮಾದರಿಯಿಂದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾಗಿದೆ. ಕೆನಡಾದಲ್ಲೂ 2011ರ ಸೆಪ್ಟೆಂಬರ್‌ನಿಂದ ಹಾಗೆಯೇ. ಒಂಟಿ ವಾಹನದ ಮಾರಣಾಂತಿಕ ಅಪಘಾತಗಳನ್ನು ಈ ವ್ಯವಸ್ಥೆ ಸುಮಾರು ಅರ್ಧಕ್ಕೆ ಇಳಿಸಿದೆ ಎಂದು ಅಲ್ಲಿಯ ವಿಮಾ ಸಂಸ್ಥೆಗಳ ಸಂಶೋಧನೆ ಕಂಡಿದೆ. ಜೀವ ಉಳಿಸುವ ಈ ಉಪಕರಣ ಹತ್ತು ವರ್ಷ ಹಳೆಯ ಸೆಕೆಂಡ್ ಹ್ಯಾಂಡ್ ಕೊರೊಲಾದಲ್ಲೂ ಇದೆ. ಅದಕ್ಕೆ ಪ್ರತ್ಯೇಕ ದುಡ್ಡಿಲ್ಲ. ಆದ್ದರಿಂದ ಅದರ ಜಾಹೀರಾತೂ ಇಲ್ಲ.

ನಮ್ಮ ಅತಿ ದೊಡ್ಡ ತಕರಾರು ಇನ್ನು ಮುಂದಿನದು. ನಾಲ್ಕು ಚಕ್ರದ ಎಳೆತ ಚಾಲಕನಿಗೆ ಸುಳ್ಳು ಧೈರ್ಯ ಕೊಡುತ್ತದೆ. ಎರಡು ಚಕ್ರದ ಕಾರು ಸಿಗ್ನಲಿನಿಂದ ಹೊರಡುವಾಗ ಚಕ್ರ ಗಿರ್ರೆಂದು ತಿರುಗಿ, "ಅಪ್ಪಾ, ಇವತ್ತು ರಸ್ತೆ ಜಾರುತ್ತಿದೆ, ನಿಧಾನ" ಎಂದು ಮೊದಲೇ ಎಚ್ಚರಿಸುತ್ತದೆ. ನಾಲ್ಕು ಚಕ್ರದ ಕಾರು ಆ ಎಚ್ಚರಿಕೆಯನ್ನು ನುಂಗಿಬಿಡುತ್ತದೆ. ಸರಾಗವಾಗಿ ಹೊರಡುತ್ತದೆ, ಸರಾಗವಾಗಿ 80 ಕಿಲೋಮೀಟರ್ ವೇಗಕ್ಕೆ ಏರುತ್ತದೆ. ರಸ್ತೆ ಚೆನ್ನಾಗಿದೆ ಎಂದೇ ಚಾಲಕ ತಿಳಿಯುತ್ತಾನೆ. ಜಾರುತ್ತದೆಂದು ಅವನಿಗೆ ಗೊತ್ತಾಗುವುದು ಬ್ರೇಕು ಒತ್ತಿದಾಗ ಮಾತ್ರ. 80ರ ವೇಗದಲ್ಲಿ, ಘರ್ಷಣಾಂಕ 0.2 ಇದ್ದಲ್ಲಿ, ನಿಲ್ಲಲು 126 ಮೀಟರ್ ಬೇಕು. ಹೊಗೆ ಕಂಡರೆ ಕೂಗುವ ಕಾವಲುಗಾರನ ಬಾಯಿಗೆ ಬಟ್ಟೆ ತುರುಕಿ, ಮನೆ ಈಗ ಶಾಂತವಾಗಿದೆ ಎಂದು ಮಲಗುವುದು ಜಾಣತನವೇ? ಹಿಮವನ್ನು ಕಂಡೇ ಇರದ ಊರಿನಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ, ಮೊದಲ ಚಳಿಗಾಲದಲ್ಲಿ, ಅತ್ಯಗತ್ಯವಾದದ್ದು ಈ ಎಚ್ಚರಿಕೆಯೇ.

ಎದುರು ವಾದಗಳೂ ಇವೆ. ಅವನ್ನು ಕಡೆಗಣಿಸುವುದು ನ್ಯಾಯವಲ್ಲ.

"ಹಾಗಿದ್ದರೆ ಸರ್ಕಾರವೇ ಏಕೆ ಫೋರ್ ಬೈ ಫೋರ್ ಮಾತ್ರ ಬಿಡುತ್ತದೆ?" ಎಂದು ಮನಾಲಿಗೆ ಹೋಗಿಬಂದವರು ಕೇಳುತ್ತಾರೆ. ನಿಜ. ಹಿಮ ಬಿದ್ದ ದಿನ ಮನಾಲಿಯಿಂದ ಮೇಲೆ, 2020ರಲ್ಲಿ ತೆರೆದ ಅಟಲ್ ಸುರಂಗದ ಕಡೆಗೆ, ಪೊಲೀಸರು ಹಲವು ಬಾರಿ ಫೋರ್ ಬೈ ಫೋರ್ ವಾಹನಗಳನ್ನಷ್ಟೇ ಬಿಡುವುದುಂಟು. ಆದರೆ ಅದರ ಉದ್ದೇಶವೇನು? ಏರಿನಲ್ಲಿ ವಾಹನ ಸಿಕ್ಕಿಕೊಂಡು ದಾರಿ ಕಟ್ಟಬಾರದು ಎಂಬುದು. 2024ರ ಡಿಸೆಂಬರ್ ಕೊನೆಯಲ್ಲಿ ಸೋಲಂಗ್ ಮತ್ತು ಸುರಂಗದ ನಡುವೆ ಸುಮಾರು ಸಾವಿರ ವಾಹನಗಳು ಸಿಕ್ಕಿಕೊಂಡು ಪೊಲೀಸರು ಪಟ್ಟ ಪಾಡು ನೆನಪಿರಬಹುದು. ಅದು ಹೊರಡುವ ಪ್ರಶ್ನೆ, ನಿಲ್ಲುವ ಪ್ರಶ್ನೆಯಲ್ಲ. ಅದೇ ಇಳಿಜಾರಿನಲ್ಲಿ ಮಾಮೂಲಿ ಟೈರಿನ ಫೋರ್ ಬೈ ಫೋರ್ ಜೀಪುಗಳೂ ಗಿರಕಿ ಹೊಡೆಯುತ್ತ ಜಾರಿದ ದೃಶ್ಯಗಳನ್ನು ಪ್ರತಿ ಚಳಿಗಾಲದಲ್ಲೂ ದೂರದರ್ಶನದಲ್ಲಿ ನೋಡುತ್ತಲೇ ಇದ್ದೇವೆ. ಅಮೆರಿಕದ ಕಾನೂನುಗಳೂ ಹೀಗೆಯೇ. ಕೊಲರಾಡೊದ ಬೆಟ್ಟದ ಹೆದ್ದಾರಿಯಲ್ಲಿ ಆಲ್-ವೀಲ್ ಡ್ರೈವಿಗೆ ಮನ್ನಣೆ ಇದೆ, ಆದರೆ ಟೈರಿನ ಪಟ್ಟೆ ಕನಿಷ್ಠ 3/16 ಇಂಚು ಆಳವಿರಬೇಕೆಂಬ ಷರತ್ತಿನೊಡನೆ. ಕ್ಯಾಲಿಫೋರ್ನಿಯಾದ ಬೆಟ್ಟಗಳಲ್ಲಿ ಹಿಮ ಹೆಚ್ಚಾದಾಗ ನಾಲ್ಕು ಚಕ್ರದ ವಾಹನಕ್ಕೆ ಸರಪಣಿಯಿಂದ ವಿನಾಯಿತಿ ಸಿಗುವುದು ನಾಲ್ಕಕ್ಕೂ ಹಿಮದ ಟೈರಿದ್ದರೆ ಮಾತ್ರ. ಆಗಲೂ ಸರಪಣಿ ವಾಹನದಲ್ಲಿ ಇರಲೇಬೇಕು. ಕಾನೂನು ಕೂಡ ಕೊನೆಗೆ ಬಗ್ಗಿ ನೋಡುವುದು ಟೈರನ್ನೇ.

"ಎರಡು ಜೊತೆ ಟೈರೆಂದರೆ ಎರಡು ಖರ್ಚಲ್ಲವೇ?" ಎನ್ನುವವರಿದ್ದಾರೆ. ಒಂದು ಜೊತೆ ಓಡುವಾಗ ಇನ್ನೊಂದು ಜೊತೆ ಸವೆಯುವುದಿಲ್ಲ. ಎರಡರ ಆಯಸ್ಸೂ ಹೆಚ್ಚುತ್ತದೆ. ಇನ್ನೊಂದು ಕಡೆ, ಅದೇ ಮಾದರಿಯ ಕಾರಿನಲ್ಲಿ ಆಲ್-ವೀಲ್ ಡ್ರೈವಿಗೆಂದು ಅಮೆರಿಕದಲ್ಲಿ ಸಾಮಾನ್ಯವಾಗಿ 1,400ರಿಂದ 2,000 ಡಾಲರ್ ಹೆಚ್ಚು ತೆರಬೇಕು. ಅದರ ಆಸೆಗೆ ಸಣ್ಣ ಕಾರು ಬಿಟ್ಟು ದೊಡ್ಡ ಕಾರಿಗೆ ಹೋದರೆ ವ್ಯತ್ಯಾಸ ಹಲವು ಸಾವಿರ. ಆಮೇಲೆ ಹೆಚ್ಚಿನ ಪೆಟ್ರೋಲು, ಹೆಚ್ಚಿನ ರಿಪೇರಿ. ಒಂದು ಟೈರು ಕೆಟ್ಟರೆ, ಉಳಿದವು ಸವೆದಿದ್ದಲ್ಲಿ, ಅನೇಕ ವೇಳೆ ನಾಲ್ಕನ್ನೂ ಬದಲಿಸಬೇಕು. ಸುತ್ತಳತೆಯಲ್ಲಿ ವ್ಯತ್ಯಾಸವಾದರೆ ಒಳಗಿನ ಗೇರುಗಳಿಗೆ ಪೆಟ್ಟು. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತಿಕೆ ಮಾಡುವ ನಮ್ಮಂಥವರಿಗೆ ಒಂದು ಪಾಠ ಗೊತ್ತು: ಮೂರು ಕೊಟೇಶನ್ ತರಿಸುವ ಮೊದಲು ಕಡತದಲ್ಲಿ "ಅಗತ್ಯವೇನು?" ಎಂದು ಬರೆಯಬೇಕು. ಕಚೇರಿಗೆ ಒಂದು ಕುರ್ಚಿ ಕೊಳ್ಳಲು ಕೇಳುವ ಈ ಪ್ರಶ್ನೆಯನ್ನು ಮಗನ ಕಾರಿಗೆ ಏಕೆ ಕೇಳುವುದಿಲ್ಲ?

"ಬಾಡಿಗೆಯ ಮನೆ, ಟೈರಿಡಲು ಜಾಗವೆಲ್ಲಿ?" ಎಂಬುದು ಮೂರನೆಯ ವಾದ. ಅಲ್ಲಿ ಅನೇಕ ಟೈರಿನ ಅಂಗಡಿಗಳವರೇ ಬಾಡಿಗೆಗೆ ಟೈರು ಇಟ್ಟುಕೊಂಡು ಋತು ಬದಲಾದಾಗ ಜೋಡಿಸಿಕೊಡುತ್ತಾರೆ. ಅದೂ ಆಗದವರಿಗೆ ಆಲ್-ವೆದರ್ ಎಂಬ ಮಧ್ಯಮಮಾರ್ಗದ ಟೈರುಗಳಿವೆ. ಅವುಗಳ ಮೇಲೆ ಆ ಮೂರು ಶಿಖರದ ಗುರುತಿರುತ್ತದೆ, ವರ್ಷವಿಡೀ ಓಡಿಸಬಹುದು. ನಿಜವಾದ ಚಳಿಗಾಲದ ಟೈರಿನಷ್ಟು ಅಲ್ಲದಿದ್ದರೂ ಬರಿಯ ಆಲ್-ಸೀಸನ್ನಿಗಿಂತ ಹಿಮದಲ್ಲಿ ಅವು ಮೇಲು.

ಹಾಗಾದರೆ ಆಲ್-ವೀಲ್ ಡ್ರೈವ್ ಯಾರಿಗೂ ಬೇಡವೇ? ಬೇಕು. ಮನೆ ಕಡಿದಾದ ಏರಿನ ಮೇಲಿದ್ದು ಪಟ್ಟಣ ಸಭೆಯ ಸಲಿಕೆ ಲಾರಿ ಮಧ್ಯಾಹ್ನಕ್ಕೆ ಬರುವಂತಿದ್ದರೆ ಬೇಕು. ಹಳ್ಳಿಯ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಗೆ ಹೊರಡಲೇಬೇಕಾದ ನರ್ಸಿಗೆ, ವೈದ್ಯರಿಗೆ ಬೇಕು. ಮಣ್ಣಿನ ರಸ್ತೆಯಲ್ಲಿ ಆಳ ಹಿಮ ದಾಟುವವರಿಗೆ ಬೇಕು; ಅಂಥವರು ನೆಲದಿಂದ ಕಾರಿನ ಎತ್ತರವನ್ನೂ ನೋಡಬೇಕು. ಆದರೆ ಅವರಿಗೂ ನಾವು ಹೇಳುವ ಕ್ರಮ ಒಂದೇ: ಮೊದಲು ಟೈರು, ಆಮೇಲೆ ಯಂತ್ರ. ಎರಡನ್ನೂ ಕೊಳ್ಳುವ ಶಕ್ತಿಯಿದ್ದವರು ಎರಡನ್ನೂ ಕೊಳ್ಳಲಿ. ಒಂದನ್ನೇ ಕೊಳ್ಳಬಲ್ಲವರು ಟೈರು ಕೊಳ್ಳಲಿ. ಯಂತ್ರ ಕೊಂಡು ಟೈರಿಗೆ ದುಡ್ಡಿಲ್ಲ ಎನ್ನುವುದು ಮಾತ್ರ ಸಲ್ಲದು.

ಇಷ್ಟು ಸರಳವಾದ ಸಂಗತಿ ನಮ್ಮ ಮನೆಗಳನ್ನು ಏಕೆ ತಲಪುವುದಿಲ್ಲ? ಎರಡು ಕಾರಣಗಳು. ಮೊದಲನೆಯದು ಜಾಹೀರಾತು. ಹಿಮಾಚ್ಛಾದಿತ ಬೆಟ್ಟವನ್ನು ಕಾರು ಏರುವುದನ್ನು ಅದು ತೋರಿಸುತ್ತದೆ. ಇಳಿಜಾರಿನ ಕೆಂಪು ದೀಪದ ಮುಂದೆ ನಿಲ್ಲುವುದನ್ನು ತೋರಿಸುವುದು ಅಪರೂಪ. ತಾಯಿಯ ಭಯಕ್ಕಿಂತ ಒಳ್ಳೆಯ ಮಾರಾಟಗಾರ ಲೋಕದಲ್ಲಿ ಇಲ್ಲವೆಂದು ಅವರಿಗೆ ಗೊತ್ತು. ಎರಡನೆಯದು, ಹೇಳಲು ಸ್ವಲ್ಪ ಕಹಿಯಾದರೂ, ನಮ್ಮ ಪ್ರತಿಷ್ಠೆ. ಸಂಘದ ರಾಜ್ಯೋತ್ಸವದ ದಿನ ಊಟದ ಸಾಲಿನಲ್ಲಿ ನಿಂತು "ನಮ್ಮ ಹುಡುಗ ಆಲ್-ವೀಲ್ ಡ್ರೈವ್ ತೊಗೊಂಡ" ಎನ್ನಬಹುದು. "ನಮ್ಮ ಹುಡುಗ ಹಳೇ ಕಾರಿಗೆ ನಾಲ್ಕು ಒಳ್ಳೇ ಟೈರು ಹಾಕಿಸಿದ" ಎಂದು ಹೇಳಿದವರನ್ನು ನಾವು ಇದುವರೆಗೆ ಕಂಡಿಲ್ಲ. ಟೈರಿನ ಚಿತ್ರ ವಾಟ್ಸಾಪಿನಲ್ಲಿ ಯಾರು ಕಳಿಸುತ್ತಾರೆ? ಹೊಸ ಕಾರಿಗೆ ಪೂಜೆ ಮಾಡಿ, ಬಗ್ಗಿ, ನಾಲ್ಕು ಟೈರಿನ ಕೆಳಗೂ ನಿಂಬೆಹಣ್ಣು ಇಡುತ್ತೇವೆ. ಅಷ್ಟು ಹತ್ತಿರ ಬಗ್ಗಿದವರು ಟೈರಿನ ಪಕ್ಕದಲ್ಲಿರುವ ಗುರುತನ್ನು ಓದಿ ಏಳಬಾರದೇ?

ಮುಂದಿನ ಬಾರಿ ಫೋನಿನಲ್ಲಿ ಕೇಳಬೇಕಾದ ಪ್ರಶ್ನೆಗಳನ್ನು ಇಲ್ಲಿ ಬರೆದಿಡುತ್ತೇವೆ. ತಂದೆತಾಯಂದಿರು ಗುರುತು ಹಾಕಿಕೊಳ್ಳಲಿ. ಟೈರಿನ ಮೇಲೆ ಮೂರು ಶಿಖರ, ಹಿಮದ ಹರಳಿನ ಗುರುತಿದೆಯೇ? ನಾಲ್ಕಕ್ಕೂ ಇದೆಯೇ? ಕೆಲವರು ದುಡ್ಡುಳಿಸಲು ಮುಂದಿನ ಎರಡಕ್ಕೆ ಮಾತ್ರ ಹಾಕಿಸುತ್ತಾರೆ. ಆಗ ತಿರುವಿನಲ್ಲಿ ಕಾರಿನ ಹಿಂಭಾಗ ಹೊರಗೆ ಎಸೆದುಕೊಳ್ಳುತ್ತದೆ. ಪಟ್ಟೆಯ ಆಳ ಎಷ್ಟು ಉಳಿದಿದೆ? ಬಹಳ ಕಡೆ ಕಾನೂನಿನ ಕನಿಷ್ಠ ಮಿತಿ 1.6 ಮಿಲಿಮೀಟರ್ ಇದ್ದರೂ ಹಿಮಕ್ಕೆ ಅದು ಸಾಲದು. ಆಸ್ಟ್ರಿಯಾದಲ್ಲಿ ಚಳಿಗಾಲದ ಟೈರಿಗೆ 4 ಮಿಲಿಮೀಟರ್ ಬೇಕೆಂಬ ನಿಯಮವಿದೆ. ಟೈರು ತಯಾರಾದದ್ದು ಯಾವಾಗ? ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. 4823 ಎಂದಿದ್ದರೆ 2023ರ 48ನೆಯ ವಾರ. ಚಳಿ ಹೆಚ್ಚಾದ ಮೇಲೆ ಗಾಳಿಯ ಒತ್ತಡ ನೋಡಿಸಿದೆಯಾ? ಚಳಿಗೆ ಅದು ಇಳಿಯುತ್ತದೆ. ಮೊದಲ ಹಿಮ ಬಿದ್ದ ದಿನ ಖಾಲಿ ಮೈದಾನದಲ್ಲಿ, ಅನುಮತಿ ಇರುವ ಕಡೆ, ನಿಧಾನವಾಗಿ ಓಡಿಸಿ ಬ್ರೇಕು ಹಾಕಿ ನೋಡಿದೆಯಾ? ಸೊನ್ನೆ ಡಿಗ್ರಿಯ ಹತ್ತಿರದ ಮಂಜುಗಡ್ಡೆ ಕಡುಚಳಿಯ ಮಂಜುಗಡ್ಡೆಗಿಂತ ಹೆಚ್ಚು ಜಾರುತ್ತದೆ ಎಂದು ಗೊತ್ತಾ?

ಕೊನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ: "ಇವತ್ತು ಹೋಗಲೇಬೇಕಾ?" ಬಿರುಗಾಳಿಯ ಎಚ್ಚರಿಕೆ ಬಂದ ದಿನ ಮನೆಯಿಂದಲೇ ಕೆಲಸ ಮಾಡುವ ಅವಕಾಶ ಇಂದು ಬಹಳ ಜನರಿಗಿದೆ. ಅದಿಲ್ಲದವರಿಗೆ ಬಸ್ಸಿದೆ, ರೈಲಿದೆ, ಒಂದು ದಿನದ ರಜೆಯಿದೆ. ಹೊಸದಾಗಿ ಕೆಲಸಕ್ಕೆ ಸೇರಿದ ಮಕ್ಕಳು ರಜೆ ಕೇಳಲು ಅಂಜುತ್ತಾರೆ. ಆಗ "ಇವತ್ತು ಹೋಗಬೇಡ, ಮಗಾ" ಎಂದು ಮನೆಯವರೇ ಹೇಳಿದರೆ ಅವರಿಗೆ ಎಷ್ಟೋ ಧೈರ್ಯ ಬರುತ್ತದೆ. ಆ ಒಂದು ಮಾತಿಗೆ ಸಮನಾದ ಸುರಕ್ಷಾ ಯಂತ್ರವನ್ನು ಯಾವ ಕಾರ್ಖಾನೆಯೂ ತಯಾರಿಸಿಲ್ಲ.

ಸದಸ್ಯ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೆ. ಮಕ್ಕಳಿಗೆ ದುಡ್ಡು ಕಳಿಸುವವರು ಕಳಿಸಿ. ಸಲಹೆ ಕೊಡುವವರು ಕೊಡಿ. ಆದರೆ ಕಾರಿನ ಹೆಸರು ಕೇಳುವ ಮುನ್ನ ಟೈರಿನ ಹೆಸರು ಕೇಳಿ. ಸಂಘದ ಮುಂದಿನ ಸಭೆಯಲ್ಲಿ, ಆ ದೇಶಗಳಲ್ಲಿ ಹತ್ತಾರು ಚಳಿಗಾಲ ಕಳೆದು ರಜೆಗೆ ಬಂದಿರುವ ನಮ್ಮವರೊಬ್ಬರನ್ನು ಕೂರಿಸಿ, ಈ ವರ್ಷ ಹೊರಡಲಿರುವ ಮಕ್ಕಳಿಗೆ ಅರ್ಧ ಗಂಟೆ ಹಿಮದ ಚಾಲನೆಯ ಬಗ್ಗೆ ಹೇಳಿಸಬಾರದೇಕೆ? ಅರ್ಧ ಗಂಟೆಯ ಆ ಮಾತಿಗೆ ಸಂಘಕ್ಕೆ ತಗಲುವ ಖರ್ಚು ಒಂದು ಸುತ್ತು ಕಾಫಿ. ಮಕ್ಕಳನ್ನು ಕಳಿಸಿಕೊಡುವಾಗ ಚಟ್ನಿಪುಡಿ, ಹುಳಿಪುಡಿ, ಉಪ್ಪಿನಕಾಯಿಗಳ ಜೊತೆಗೆ ಈ ಒಂದು ಮಾತನ್ನೂ ಕಟ್ಟಿ ಕಳಿಸೋಣ: ಹೊರಡುವುದು ಯಾರಿಗೂ ದೊಡ್ಡದಲ್ಲ, ನಿಲ್ಲುವುದನ್ನು ಕಲಿ.